ಚಿತ್ರ, ಹಾಡು, ವಿಡಿಯೊ: ಅಪಾಯ ಇರುವುದು ಎಲ್ಲಿ?

2025ರ ಮೇ ತಿಂಗಳು, ಭಾರತ–ಪಾಕಿಸ್ತಾನ ಸಂಘರ್ಷ ಬಿಗಡಾಯಿಸಿದ್ದ ದಿನಗಳು. ದೇಶದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಎಚ್ಚರಿಕೆ ಹರಿದಾಡಿತು. ‘ಡಾನ್ಸ್ ಆಫ್ ದ ಹಿಲರಿ’ ಎಂಬ ವಿಡಿಯೊ ಬರಲಿದೆ, ತೆರೆದರೆ ಫೋನಿನಲ್ಲಿರುವುದೆಲ್ಲ ಕಳಿಸಿದವರ ಕೈಸೇರುತ್ತದೆ, ಕೂಡಲೇ ಎಲ್ಲರಿಗೂ ತಿಳಿಸಿ. ಅಂಥ ವಿಡಿಯೊ ಇದೆ ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಇದೇ ಸಂದೇಶ ವರ್ಷಗಳ ಹಿಂದೆಯೇ ಬೇರೆ ದೇಶಗಳನ್ನು ಸುತ್ತಿಬಂದಿತ್ತು. ಒಂದು ಆವೃತ್ತಿಯಲ್ಲಿ ಕುಣಿಯುವವರು ಪೋಪ್ ಆಗಿದ್ದರು. ಮೇ ತಿಂಗಳ ಎಚ್ಚರಿಕೆಗಳಲ್ಲಿ ‘ಟಾಸ್ಕ್‌ಶೆ ಡಾಟ್ ಇಎಕ್ಸ್‌ಇ’ ಎಂಬ ಫೈಲಿನ ಹೆಸರೂ ಸೇರಿಕೊಂಡಿತ್ತು. ಅದು 2017ರ ವಾನಾಕ್ರೈ ಎಂಬ ಸೈಬರ್ ದಾಳಿಯಲ್ಲಿ ವಿಂಡೋಸ್ ಕಂಪ್ಯೂಟರುಗಳಲ್ಲಿ ಕಾಣಿಸಿಕೊಂಡ ಫೈಲು. ಆಂಡ್ರಾಯ್ಡ್ ಫೋನಿನಲ್ಲಿ ಅದು ಓಡುವುದೇ ಇಲ್ಲ.

ಇಂಥ ಸಂದೇಶ ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷ ಹೆದರಿ, ನೆಂಟರು ಕಳಿಸಿದ ಶುಭೋದಯದ ಚಿತ್ರಗಳನ್ನೂ ಅಳಿಸಿಹಾಕುತ್ತದೆ. ಇನ್ನೊಂದು, ಸಾಮಾನ್ಯವಾಗಿ ಸ್ವಲ್ಪ ಕಂಪ್ಯೂಟರ್ ಬಲ್ಲವರ ಪಕ್ಷ, ‘ಹಾಡಿನಲ್ಲಿ, ಚಿತ್ರದಲ್ಲಿ ವೈರಸ್ ಇರಲು ಸಾಧ್ಯವೇ ಇಲ್ಲ, ಅದು ಬರೀ ದತ್ತಾಂಶ’ ಎಂದು ಸಮಾಧಾನ ಹೇಳುತ್ತದೆ. ಎರಡೂ ತಪ್ಪು ಎಂಬುದು ನನ್ನ ವಾದ. ಹೆದರಿದವರು ಅಪಾಯವನ್ನು ಇಲ್ಲದ ಕಡೆ ಹುಡುಕುತ್ತಾರೆ. ಸಮಾಧಾನ ಹೇಳುವವರ ಮಾತು ಅರ್ಧ ನಿಜವಾದ್ದರಿಂದ ಇನ್ನೂ ಹೆಚ್ಚು ಕೆಡುಕು ಮಾಡುತ್ತದೆ. ಹೊಣೆ ಹೊರಬೇಕಾದವರು ಅದರ ಮರೆಯಲ್ಲಿ ನೆಮ್ಮದಿಯಾಗಿ ಉಳಿದುಬಿಡುತ್ತಾರೆ.

ಮೊದಲು ಆ ಅರ್ಧ ನಿಜವನ್ನು ನೋಡೋಣ. ಎಂಪಿ3 ಫೈಲಿನಲ್ಲಿರುವುದು ಧ್ವನಿಯನ್ನು ಸಂಕುಚಿಸಿದ ಅಂಕಿಗಳು, ಜೆಪೆಗ್‌ನಲ್ಲಿರುವುದು ಬಣ್ಣಗಳ ಲೆಕ್ಕ. ಅವು ತಾವಾಗಿ ಏನನ್ನೂ ಮಾಡಲಾರವು. ಒಂದು ಚಿತ್ರದೊಳಗೆ ದುಷ್ಟ ತಂತ್ರಾಂಶದ ಸಾಲುಗಳನ್ನೇ ಬಚ್ಚಿಟ್ಟರೂ ಚಿತ್ರ ತೋರಿಸುವ ಆ್ಯಪ್ ಅವುಗಳನ್ನು ಬಣ್ಣವೆಂದೋ ಕಸವೆಂದೋ ಓದಿ ಮುಂದೆ ಹೋಗುತ್ತದೆ. ಹೊರಗಿನಿಂದ ಇನ್ನೊಂದು ತಂತ್ರಾಂಶ ಬಂದು ಆ ಸಾಲುಗಳನ್ನು ಹೆಕ್ಕಿ ಓಡಿಸದ ಹೊರತು ಅವು ಸತ್ತ ಅಕ್ಷರಗಳು. ಆದ್ದರಿಂದಲೇ ಪ್ರತಿದಿನ ಕೋಟ್ಯಂತರ ಚಿತ್ರಗಳು ಕೈಬದಲಾಯಿಸಿದರೂ ಲೋಕ ನಡೆದುಕೊಂಡು ಹೋಗುತ್ತಿದೆ.

ಉಳಿದರ್ಧ ಇರುವುದು ಫೈಲಿನ ಆಚೆ. ಫೈಲನ್ನು ಓದುವುದು ಒಂದು ತಂತ್ರಾಂಶ. ಅದನ್ನು ಬರೆದವರು ಮನುಷ್ಯರು. ಅವರು ತಪ್ಪು ಮಾಡುತ್ತಾರೆ. ಆ ತಪ್ಪಿನ ಅಳತೆಗೆ ಸರಿಯಾಗಿ ಒಂದು ಚಿತ್ರವನ್ನು ಕೊರೆದು ತಯಾರಿಸಿದರೆ ಓದುಗ ತಂತ್ರಾಂಶವೇ ಕಳ್ಳನ ಆಜ್ಞೆ ಪಾಲಿಸತೊಡಗುತ್ತದೆ.

2004ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಒಪ್ಪಿಕೊಂಡು ಸರಿಪಡಿಸಿದ ದೋಷ ಇದಕ್ಕೆ ಒಳ್ಳೆಯ ಪಾಠ. ಜೆಪೆಗ್ ಫೈಲಿನೊಳಗೆ ಟಿಪ್ಪಣಿ ಬರೆದಿಡಲು ಒಂದು ಜಾಗವಿದೆ. ಟಿಪ್ಪಣಿಯ ಮುಂದೆ ಅದರ ಉದ್ದ ನಮೂದಾಗಿರುತ್ತದೆ, ಉದ್ದವನ್ನು ಬರೆಯಲು ಬಳಸಿದ ಎರಡು ಬೈಟುಗಳೂ ಆ ಲೆಕ್ಕದಲ್ಲಿ ಸೇರಿರಬೇಕು ಎಂಬುದು ನಿಯಮ. ಹಾಗಾಗಿ ಅಲ್ಲಿ ಎರಡಕ್ಕಿಂತ ಚಿಕ್ಕ ಸಂಖ್ಯೆ ಬರುವಂತೆಯೇ ಇಲ್ಲ. ಯಾರಾದರೂ ಬೇಕೆಂದೇ ಸೊನ್ನೆ ಅಥವಾ ಒಂದು ಎಂದು ಬರೆದರೆ? ವಿಂಡೋಸ್‌ನ ಚಿತ್ರ ಓದುವ ಭಾಗ ಅದನ್ನು ಪರೀಕ್ಷಿಸದೆ ಎಂದಿನಂತೆ ಎರಡನ್ನು ಕಳೆಯುತ್ತಿತ್ತು. ಋಣ ಸಂಖ್ಯೆಗೆ ಜಾಗವಿಲ್ಲದ ಆ ಲೆಕ್ಕದಲ್ಲಿ ಉತ್ತರ ಸೊನ್ನೆಯ ಕೆಳಗೆ ಇಳಿಯದೆ ಸುತ್ತು ಹೊಡೆದು ಸುಮಾರು 429 ಕೋಟಿಗೆ ಹೋಗಿ ನಿಲ್ಲುತ್ತಿತ್ತು. ಅಷ್ಟು ಬೈಟುಗಳನ್ನು ನಕಲು ಮಾಡಲು ತಂತ್ರಾಂಶ ಹೊರಡುತ್ತಿತ್ತು. ಚೀಟಿಯಲ್ಲಿ ಬರೆದ ಅಳತೆಯನ್ನು ನಂಬಿ ಪುಟ್ಟ ಗುಡಾಣ ಇಟ್ಟು, ಅದರೊಳಗೆ ಗಾಡಿ ತುಂಬ ರಾಗಿ ಸುರಿದರೆ ಕಾಳು ಪಕ್ಕದವರ ರಾಶಿಯ ಮೇಲೆ ಬೀಳುವುದಿಲ್ಲವೇ, ಇದೂ ಹಾಗೆಯೇ. ವ್ಯತ್ಯಾಸವೆಂದರೆ, ಕಂಪ್ಯೂಟರಿನ ನೆನಪಿನಲ್ಲಿ ಪಕ್ಕದ ಜಾಗದಲ್ಲಿರುವುದು ಅದು ಮುಂದೆ ಏನು ಮಾಡಬೇಕೆಂದು ನಿರ್ಧರಿಸುವ ಮಾಹಿತಿ. ಅದರ ಮೇಲೆ ಕಳ್ಳನ ಅಂಕಿಗಳು ಬಿದ್ದರೆ ಕಳ್ಳನ ಆಜ್ಞೆ ನಡೆಯುತ್ತದೆ.

ನನಗೆ ಇದರಲ್ಲಿ ಅತ್ಯಂತ ಬೇಸರದ ಸಂಗತಿ ಬೇರೆ. ಇದೇ ಜೆಪೆಗ್ ಟಿಪ್ಪಣಿಯ, ಇದೇ ಕಳೆಯುವ ಲೆಕ್ಕದ ತಪ್ಪನ್ನು 2000ನೇ ಇಸವಿಯಲ್ಲೇ ನೆಟ್‌ಸ್ಕೇಪ್ ಬ್ರೌಸರಿನಲ್ಲಿ ‘ಸೋಲಾರ್ ಡಿಸೈನರ್’ ಎಂಬ ಹೆಸರಿನಿಂದ ಪ್ರಸಿದ್ಧನಾದ ಭದ್ರತಾ ತಜ್ಞ ಬಹಿರಂಗವಾಗಿ ತೋರಿಸಿದ್ದ. ನಾಲ್ಕು ವರ್ಷಗಳ ನಂತರ ಜಗತ್ತಿನ ಅತಿ ದೊಡ್ಡ ತಂತ್ರಾಂಶ ಕಂಪನಿಯಲ್ಲಿ ಅದು ಮತ್ತೆ ಸಿಕ್ಕಿತು.

ಮರುವರ್ಷವೇ ಇನ್ನೊಂದು. ವಿಂಡೋಸ್‌ನ ಹಳೆಯ ಡಬ್ಲ್ಯುಎಂಎಫ್ ಚಿತ್ರಗಳು ಬಣ್ಣದ ಅಂಕಿಗಳ ಬದಲು ‘ಇಲ್ಲಿ ಗೆರೆ ಎಳೆ, ಇಲ್ಲಿ ವೃತ್ತ ಬರೆ’ ಎಂಬ ಆಜ್ಞೆಗಳ ಪಟ್ಟಿಗಳು. ಮುದ್ರಣ ನಡುವೆ ನಿಂತರೆ ಏನು ಮಾಡಬೇಕೆಂಬ ತಂತ್ರಾಂಶದ ತುಣುಕನ್ನೂ ಆ ಚಿತ್ರ ಹೊತ್ತು ತರಬಹುದಿತ್ತು. ಚಿತ್ರದಿಂದ ವೈರಸ್ ಬರಬಹುದೆಂಬ ಯೋಚನೆ ಯಾರನ್ನೂ ಅಷ್ಟಾಗಿ ಕಾಡದ ಕಾಲದಲ್ಲಿ ಸದುದ್ದೇಶದಿಂದ ಕೊಟ್ಟ ಸೌಲಭ್ಯ ಅದು. 2005ರ ಡಿಸೆಂಬರ್ ಕೊನೆಯಲ್ಲಿ ದುಷ್ಟ ಜಾಲತಾಣಗಳು ಅದನ್ನು ಬಳಸಿ, ಪುಟ ತೆರೆದವರ ಕಂಪ್ಯೂಟರುಗಳಿಗೆಲ್ಲ ನುಗ್ಗತೊಡಗಿದವು. ಇಲ್ಫಾಕ್ ಗಿಲ್ಫಾನೋವ್ ಎಂಬ ತಂತ್ರಜ್ಞ ಸ್ವಂತವಾಗಿ ದೋಷ ಮುಚ್ಚುವ ಒಂದು ತೇಪೆ (ಪ್ಯಾಚ್) ಬರೆದು ಹಂಚಿದ ಮೇಲೆ, 2006ರ ಜನವರಿ 5ರಂದು ಮೈಕ್ರೋಸಾಫ್ಟ್ ತನ್ನ ತೇಪೆ ಬಿಡುಗಡೆ ಮಾಡಿತು. ಚಿತ್ರದಿಂದ ಜನಸಾಮಾನ್ಯರಿಗೆ ಸಾಮೂಹಿಕವಾಗಿ ಅಪಾಯ ಬಂದ ನಿಜವಾದ ಉದಾಹರಣೆ ಬೇಕೆಂದರೆ ಇದು.

ಇಷ್ಟನ್ನೂ ‘ಹಳೆಯ ವಿಂಡೋಸ್ ಕಾಲದ ಕತೆ’ ಎಂದು ಬದಿಗಿಡುವವರು 2021ರ ಘಟನೆಯನ್ನು ನೋಡಬೇಕು. ಸೌದಿ ಅರೇಬಿಯಾದ ಹೋರಾಟಗಾರರೊಬ್ಬರ ಐಫೋನನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಪರೀಕ್ಷಿಸುತ್ತಿತ್ತು. ಅದರಲ್ಲಿ ಸಂದೇಶದ ಮೂಲಕ ಬಂದ, ಜಿಐಎಫ್ ಎಂಬ ಬಾಲಂಗೋಚಿ ಹೊತ್ತ ಫೈಲುಗಳು ಸಿಕ್ಕವು. ಒಳಗಿದ್ದದ್ದು ಜಿಐಎಫ್ ಚಿತ್ರವಲ್ಲ, ಪಿಡಿಎಫ್. ಆ ಪಿಡಿಎಫ್‌ನೊಳಗೆ ಜೆಬಿಗ್2 ಎಂಬ, ಫ್ಯಾಕ್ಸ್ ಮತ್ತು ಸ್ಕ್ಯಾನರ್‌ಗಳ ಕಪ್ಪು–ಬಿಳುಪು ಪುಟಗಳನ್ನು ಚಿಕ್ಕದಾಗಿಸಲು ಮಾಡಿದ ಹಳೆಯ ವಿಧಾನದ ಚಿತ್ರ. ಅದನ್ನು ಓದುವ ಭಾಗದಲ್ಲಿ ಮತ್ತದೇ ಬಗೆಯ ಲೆಕ್ಕದ ತಪ್ಪು.

ಇಲ್ಲಿಂದ ಮುಂದೆ ನಡೆದದ್ದು ಅಚ್ಚರಿ. ಜೆಬಿಗ್2ರಲ್ಲಿ ಒಂದು ಚಿತ್ರದ ತುಣುಕನ್ನು ಇನ್ನೊಂದರ ಜೊತೆ ತರ್ಕದ ನಿಯಮಗಳಿಂದ ಕೂಡಿಸಬಹುದು: ಎರಡೂ ಕಪ್ಪಾಗಿದ್ದರೆ ಮಾತ್ರ ಕಪ್ಪು, ಯಾವುದಾದರೂ ಒಂದು ಕಪ್ಪಾಗಿದ್ದರೆ ಕಪ್ಪು, ಹೀಗೆ. ಕಂಪ್ಯೂಟರಿನ ಹೃದಯದಲ್ಲಿರುವ ಸರ್ಕೀಟುಗಳು ಮಾಡುವುದೂ ಇದನ್ನೇ. ದಾಳಿಕೋರರು ಇಂಥ 70,000ಕ್ಕೂ ಹೆಚ್ಚು ಆಜ್ಞೆಗಳನ್ನು ಪೋಣಿಸಿ, ಕೂಡುವ ಯಂತ್ರ, ಹೋಲಿಸುವ ಯಂತ್ರ, ಅಂಕಿ ಇಡುವ ಗೂಡುಗಳು ಎಲ್ಲವನ್ನೂ ಕಟ್ಟಿ, ಚಿತ್ರದೊಳಗೆ ಒಂದು ಪುಟ್ಟ ಕಂಪ್ಯೂಟರನ್ನೇ ನಿರ್ಮಿಸಿದ್ದರು. ಆ ಕಂಪ್ಯೂಟರ್ ಫೋನಿನೊಳಗೆ ದಾರಿ ಮಾಡಿಕೊಟ್ಟಿತು. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಡಿಸೆಂಬರ್‌ನಲ್ಲಿ ಇದರ ವಿವರ ಪ್ರಕಟಿಸಿತು. ಫೋನಿನ ಒಡೆಯರು ಯಾವುದನ್ನೂ ಒತ್ತಿರಲಿಲ್ಲ, ತೆರೆದಿರಲಿಲ್ಲ. ಇಂಥ ದಾಳಿ ತಡೆಯಲೆಂದೇ ಆ್ಯಪಲ್ ಅದಕ್ಕೆ ಮೊದಲೇ ‘ಬ್ಲಾಸ್ಟ್‌ಡೋರ್’ ಎಂಬ ರಕ್ಷಾಗೋಡೆ ಕಟ್ಟಿತ್ತು. ಈ ಫೈಲು ಅದನ್ನೂ ತಪ್ಪಿಸಿ ಒಳಗೆ ಬಂದಿತ್ತು. ಹೀಗೆ ನುಗ್ಗಿದ್ದು ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಎಂಬ ಗೂಢಚರ್ಯೆಯ ತಂತ್ರಾಂಶ.

‘ಬರೀ ದತ್ತಾಂಶ’ ಎಂಬ ಮಾತು ನಿಲ್ಲದಿರುವುದು ಇಲ್ಲಿ. ಆಜ್ಞೆಯನ್ನೂ ದತ್ತಾಂಶವನ್ನೂ ಒಂದೇ ನೆನಪಿನಲ್ಲಿ, ಒಂದೇ ಬಗೆಯ ಅಂಕಿಗಳಾಗಿ ಇಡುವ ಯಂತ್ರವನ್ನು 1945ರಲ್ಲಿ ಜಾನ್ ವಾನ್ ನಾಯ್ಮನ್ ವಿವರಿಸಿದ. ನಮ್ಮ ಫೋನುಗಳು ಇಂದಿಗೂ ಬಹುಮಟ್ಟಿಗೆ ಆ ವಂಶದವೇ. ಯಾವ ಅಂಕಿ ಚಿತ್ರ, ಯಾವ ಅಂಕಿ ಆಜ್ಞೆ ಎಂಬುದು ಅಂಕಿಯ ಗುಣವಲ್ಲ, ಓದುವವನ ಶಿಸ್ತು. ಶಿಸ್ತು ತಪ್ಪಿದ ಕಡೆ ಗೆರೆ ಅಳಿಸಿಹೋಗುತ್ತದೆ.

ಪೆಗಾಸಸ್ ನಮಗೆ ದೂರದ ಸುದ್ದಿಯೂ ಅಲ್ಲ. 2021ರ ಜುಲೈನಲ್ಲಿ ಪತ್ರಿಕೆಗಳ ಒಕ್ಕೂಟ ಪ್ರಕಟಿಸಿದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಕಾಲದ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಮತ್ತು ಎಚ್.ಡಿ. ಕುಮಾರಸ್ವಾಮಿ, ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳಿದ್ದವೆಂದು ವರದಿಯಾಯಿತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಆ ಫೋನಿಗೆ ಗೂಢಚರ್ಯೆಯ ತಂತ್ರಾಂಶ ಸೇರಿತ್ತೆಂದು ಹೇಳಲಾಗದು. ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿಯು ತಾನು ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ದುಷ್ಟ ತಂತ್ರಾಂಶ ಕಂಡಿತು, ಅದು ಪೆಗಾಸಸ್ ಎಂದು ಖಚಿತಪಡಲಿಲ್ಲ. 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ತಿಳಿದುಬಂದ ವಿಷಯ ಅಷ್ಟು.

ಹಾಗಾದರೆ ತಿಪಟೂರಿನ ನಿವೃತ್ತ ಮೇಷ್ಟ್ರು ತಮಗೆ ಬಂದ ಹಬ್ಬದ ಚಿತ್ರಕ್ಕೆ ಹೆದರಬೇಕೇ? ಬೇಡ. ಅದಕ್ಕೆ ಕಾರಣ ದುಡ್ಡು. 2019ರಲ್ಲಿ ಝೀರೋಡಿಯಂ ಎಂಬ ಕಂಪನಿ, ಬಳಕೆದಾರ ಏನನ್ನೂ ಒತ್ತದೆಯೇ ಆಂಡ್ರಾಯ್ಡ್ ಫೋನನ್ನು ಪೂರ್ತಿ ವಶಪಡಿಸಿಕೊಳ್ಳುವ, ಇನ್ನೂ ಯಾರಿಗೂ ತಿಳಿಯದ ಮಾರ್ಗವೊಂದಕ್ಕೆ 25 ಲಕ್ಷ ಡಾಲರ್‌ವರೆಗೆ ಕೊಡುವುದಾಗಿ ಘೋಷಿಸಿತ್ತು. ಅಷ್ಟು ಬೆಲೆಬಾಳುವ ಅಸ್ತ್ರವನ್ನು ಪಿಂಚಣಿ ಖಾತೆಯ ಮೇಲೆ ಯಾರೂ ಬಳಸುವುದಿಲ್ಲ. ಬಳಸಿದಷ್ಟೂ ಸಿಕ್ಕಿಬೀಳುವ ಸಂಭವ ಹೆಚ್ಚು, ಸಿಕ್ಕಿಬಿದ್ದ ದಿನ ಅದರ ಬೆಲೆ ಕುಸಿಯುತ್ತದೆ. ಅದು ಪತ್ರಕರ್ತರ, ವಿರೋಧ ಪಕ್ಷದವರ, ವಕೀಲರ ಫೋನಿಗೆ ಮೀಸಲು.

ಈ ಸಮಾಧಾನಕ್ಕೆ ಒಂದು ಅವಧಿಯಿದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಕಂಪನಿ ತೇಪೆ ಬಿಡುಗಡೆ ಮಾಡಿದ ದಿನ ದೋಷ ಎಲ್ಲಿತ್ತೆಂದು ಲೋಕಕ್ಕೆಲ್ಲ ತಿಳಿಯುತ್ತದೆ. ತೇಪೆ ಹಾಕಿಸಿಕೊಂಡ ಫೋನಿಗೆ ಅದರಿಂದ ರಕ್ಷಣೆ. ತೇಪೆಯೇ ಬರದ ಫೋನಿಗೆ? ನಿನ್ನೆಯವರೆಗೆ ಕೋಟಿಗಟ್ಟಲೆ ಬೆಲೆಯಿದ್ದ ಗುಟ್ಟು ಅದರ ಮಟ್ಟಿಗೆ ಬಿಟ್ಟಿಯಾಗಿ ಸಿಗುವ ಗುಟ್ಟು. 2015ರ ಜುಲೈನಲ್ಲಿ ಭದ್ರತಾ ಸಂಶೋಧಕ ಜಾಶುವಾ ಡ್ರೇಕ್ ಆಂಡ್ರಾಯ್ಡ್‌ನ ‘ಸ್ಟೇಜ್‌ಫ್ರೈಟ್’ ಎಂಬ ವಿಡಿಯೊ ಓದುವ ಭಾಗದಲ್ಲಿ ದೋಷಗಳನ್ನು ತೋರಿಸಿದಾಗ, ಸುಮಾರು 95 ಕೋಟಿ ಫೋನುಗಳು ಅಪಾಯದ ವ್ಯಾಪ್ತಿಯಲ್ಲಿವೆ ಎಂಬ ಅಂದಾಜಿತ್ತು. ಒಂದು ಎಂಎಂಎಸ್ ಸಾಕಿತ್ತು. ನ್ಯಾಯವಾಗಿ ಹೇಳಬೇಕಾದ್ದು: ಅದನ್ನು ಬಳಸಿ ಜನರ ಫೋನುಗಳ ಮೇಲೆ ದೊಡ್ಡ ದಾಳಿ ನಡೆದ ಪುರಾವೆ ಸಿಗಲಿಲ್ಲ. ಗೂಗಲ್ ಅಂದಿನಿಂದ ಪ್ರತಿ ತಿಂಗಳೂ ಭದ್ರತಾ ತೇಪೆ ಕೊಡತೊಡಗಿತು, ಮರುವರ್ಷದ ಆಂಡ್ರಾಯ್ಡ್ 7ರಲ್ಲಿ ವಿಡಿಯೊ ಓದುವ ಭಾಗವನ್ನು ತುಂಡುತುಂಡಾಗಿ ಬೇರ್ಪಡಿಸಿ ಒಂದು ಕೆಟ್ಟರೆ ಉಳಿದದ್ದಕ್ಕೆ ತಗುಲದಂತೆ ಮಾಡಿತು. ಭೀತಿಯಿಂದ ಒಳ್ಳೆಯದಾದ ಅಪರೂಪದ ಸಂದರ್ಭ ಅದು. ಆದರೆ ಗೂಗಲ್ ಕೊಟ್ಟ ತೇಪೆ ನಿಮ್ಮ ಕೈಯಲ್ಲಿರುವ ಫೋನಿಗೆ ಬರಬೇಕಾದರೆ ಅದನ್ನು ತಯಾರಿಸಿದ ಕಂಪನಿ ಮನಸ್ಸು ಮಾಡಬೇಕು.

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಒಂದೇ ಒಂದು ತಂತ್ರಾಂಶ ಭಂಡಾರದಲ್ಲಿ ದೋಷ ಸಿಕ್ಕಾಗ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಿಗ್ನಲ್ ಎಲ್ಲವೂ ಅವಸರದಲ್ಲಿ ಹೊಸ ಆವೃತ್ತಿ ಹೊರಡಿಸಬೇಕಾಯಿತು. ಎಲ್ಲರೂ ಅದೇ ಭಂಡಾರವನ್ನು ಬಳಸುತ್ತಿದ್ದರು. ಇಂಥದು ಮತ್ತೆ ಬರುವುದಿಲ್ಲ ಎಂದು ನಂಬಲು ಕಾರಣವಿಲ್ಲ.

ಈಗ ಜನಸಾಮಾನ್ಯರ ಹಣ ನಿಜವಾಗಿ ಹೋಗುತ್ತಿರುವ ದಾರಿಗೆ ಬರೋಣ. ಅಲ್ಲಿ ಹಾಡೂ ಇಲ್ಲ, ಚಿತ್ರವೂ ಇಲ್ಲ, ಅವುಗಳ ವೇಷವಿದೆ. 2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟು ಜಗತ್ತಿನಾದ್ಯಂತ ಇಮೇಲ್ ವ್ಯವಸ್ಥೆಯನ್ನು ಕುಸಿಯುವಂತೆ ಮಾಡಿದ ‘ಐ ಲವ್ ಯು’ ಹುಳು ಪ್ರೇಮಪತ್ರದ ಪಠ್ಯದಂತೆ ಕಾಣುತ್ತಿತ್ತು. ಹೆಸರಿನ ತುದಿಯಲ್ಲಿದ್ದ ವಿಬಿಎಸ್ ಎಂಬ ಮೂರಕ್ಷರ ಅದು ಓಡುವ ತಂತ್ರಾಂಶವೆಂದು ಹೇಳುತ್ತಿತ್ತು. ಆ ಹುಳು ಒಳಹೊಕ್ಕು ಜನರ ಜೆಪೆಗ್ ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡು ಅವನ್ನು ನಾಶ ಮಾಡಿತು, ಎಂಪಿ3 ಹಾಡುಗಳನ್ನು ಬಚ್ಚಿಟ್ಟಿತು. ಹಾಡು, ಚಿತ್ರಗಳು ಅಲ್ಲಿ ಬಲಿಪಶುಗಳು. ಮರುವರ್ಷ ಟೆನಿಸ್ ಆಟಗಾರ್ತಿ ಅನ್ನಾ ಕುರ್ನಿಕೋವಾ ಅವರ ಚಿತ್ರವೆಂದು ಬಂದದ್ದೂ ಹೀಗೆಯೇ: ಜೆಪಿಜಿ ಎಂಬುದರ ಮುಂದೆ ಮತ್ತೆ ವಿಬಿಎಸ್. ಗೊತ್ತಿರುವ ಬಗೆಯ ಫೈಲುಗಳ ತುದಿಯನ್ನು ವಿಂಡೋಸ್ ತಾನಾಗಿಯೇ ಮರೆಮಾಚುತ್ತಿದ್ದುದರಿಂದ ಓದುಗರಿಗೆ ಕಂಡದ್ದು ಜೆಪಿಜಿ ಮಾತ್ರ. ಕಾಲು ಶತಮಾನ ಕಳೆದರೂ ವಿಂಡೋಸ್ ಆ ತುದಿಯನ್ನು ಮರೆಮಾಚುತ್ತಲೇ ಇದೆ. ಇದನ್ನು ನಾನು ಬಳಕೆದಾರರ ಅಜ್ಞಾನವೆಂದು ಕರೆಯಲಾರೆ. ಇದು ವಿನ್ಯಾಸದ ತಪ್ಪು.

ನಮ್ಮ ಕಾಲದ ವೇಷ ಎಪಿಕೆ, ಎಂದರೆ ಆಂಡ್ರಾಯ್ಡ್ ಆ್ಯಪ್ ಸ್ಥಾಪಿಸುವ ಫೈಲು. ಮದುವೆ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಆರ್‌ಟಿಒ ದಂಡದ ಚಲನ್ ಎಂದು ಬರುತ್ತದೆ. ಒತ್ತಿದರೆ ಕರೆಯೋಲೆ ತೆರೆಯುವುದಿಲ್ಲ. ‘ಈ ಆ್ಯಪ್ ಸ್ಥಾಪಿಸಬೇಕೇ’ ಎಂದು ಫೋನು ಕೇಳುತ್ತದೆ, ಆಮೇಲೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಅನುಮತಿ ಸಿಕ್ಕಿತೆಂದರೆ ಬ್ಯಾಂಕಿನ ಒಟಿಪಿ ಕಳ್ಳನ ಕೈಗೆ ಹೋಗುತ್ತದೆ. ಶುಕ್ರವಾರ ಬಿಡುಗಡೆಯಾದ ಸಿನಿಮಾವನ್ನು ಶನಿವಾರ ಪುಕ್ಕಟೆಯಾಗಿ ಹುಡುಕುವವರಿಗೂ ಇದೇ ಬಲೆ. ಸಿಗುವುದು ಸಿನಿಮಾ ಆಗಿರುವುದಿಲ್ಲ. ‘ಈ ಪ್ಲೇಯರ್ ಹಾಕಿಕೊಳ್ಳಿ, ಈ ಕೋಡೆಕ್ ಹಾಕಿಕೊಳ್ಳಿ’ ಎಂಬ ಗುಂಡಿ, ಇಲ್ಲವೇ ಪಾಸ್‌ವರ್ಡ್ ಹಾಕಿದ ಜಿಪ್ ಫೈಲು. ಎರಡೂವರೆ ಗಂಟೆಯ ಸಿನಿಮಾ ನಾಲ್ಕೈದು ಎಂಬಿಗೆ ಬಂದಿದೆ ಎಂದರೆ ಅದು ಸಿನಿಮಾ ಅಲ್ಲ ಎಂದು ನಿಶ್ಚಿಂತೆಯಾಗಿ ಹೇಳಬಹುದು. 2024ರಲ್ಲಿ ಈಸೆಟ್ ಕಂಪನಿಯ ಸಂಶೋಧಕರು ಟೆಲಿಗ್ರಾಂನ ಆಂಡ್ರಾಯ್ಡ್ ಆವೃತ್ತಿಯಲ್ಲಿ ಎಪಿಕೆಯೊಂದು ವಿಡಿಯೊದ ರೂಪದಲ್ಲೇ ಕಾಣುವಂಥ ದೋಷ ಹುಡುಕಿದ್ದರು. ಅಲ್ಲೂ ಕೊನೆಯ ಹೆಜ್ಜೆ ಅದೇ: ಹೊಸ ಆ್ಯಪ್ ಸ್ಥಾಪಿಸಲು ಒಪ್ಪಿಗೆ.

ಸುಳ್ಳು ಎಚ್ಚರಿಕೆಗಳ ಮೇಲೆ ನನಗಿರುವ ಸಿಟ್ಟು ಈ ಕಾರಣಕ್ಕೆ. ‘ಚಿತ್ರ ತೆರೆಯಬೇಡಿ’ ಎಂದು ಕಲಿತವರು ಮಗಳು ಅಮೆರಿಕದಿಂದ ಕಳಿಸಿದ ಮೊಮ್ಮಗುವಿನ ಫೋಟೊ ತೆರೆಯಲು ಅಂಜುತ್ತಾರೆ. ‘ಅನುಮತಿಸು’ ಎಂಬ ಗುಂಡಿಯ ಬಗ್ಗೆ ಅವರನ್ನು ಯಾರೂ ಎಚ್ಚರಿಸಿರುವುದಿಲ್ಲ, ಹಾಗಾಗಿ ಅದನ್ನು ಅಂಜಿಕೆಯಿಲ್ಲದೆ ಒತ್ತುತ್ತಾರೆ. ಹಣ ಹೋದ ಮೇಲೆ ‘ನೀವು ಯಾಕೆ ತೆರೆದಿರಿ’ ಎಂದು ಮನೆಯವರೇ ಗದರುತ್ತಾರೆ. ಆ ಅವಮಾನಕ್ಕೆ ಹೆದರಿ ದೂರು ಕೊಡದೆ ಉಳಿಯುವವರಿದ್ದಾರೆ.

ಫೋನು ಇರುವುದೇ ಚಿತ್ರ ನೋಡಲು, ಹಾಡು ಕೇಳಲು. ಅದನ್ನು ತೆರೆಯುವುದು ಅಪರಾಧವಾಗಬಾರದು. ತೆರೆದರೆ ಸುರಕ್ಷಿತವಾಗಿರುವಂತೆ ಮಾಡುವುದು ಮಾರಿದವರ ಹೊಣೆ. ಅದು ಅಸಾಧ್ಯವೇನೂ ಅಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ಹೇಳಿದ ಪ್ರಕಾರ, ಅದು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ನೆನಪಿನ ನಿರ್ವಹಣೆಯ ತಪ್ಪುಗಳು, ಎಂದರೆ ಆ ಜೆಪೆಗ್ ಟಿಪ್ಪಣಿಯ ಕುಟುಂಬದವು. ಅಂಥ ತಪ್ಪುಗಳಿಗೆ ಎಡೆಕೊಡದ ರಸ್ಟ್‌ನಂಥ ಭಾಷೆಗಳಲ್ಲಿ ಚಿತ್ರ–ವಿಡಿಯೊ ಓದುವ ಭಾಗಗಳನ್ನು ಹೊಸದಾಗಿ ಬರೆಯುವ ಕೆಲಸ ಶುರುವಾಗಿದೆ.

ಕಾಡುವ ಅನ್ಯಾಯ ಇರುವುದು ತೇಪೆ ಯಾರಿಗೆ ಎಷ್ಟು ವರ್ಷ ಸಿಗುತ್ತದೆ ಎಂಬಲ್ಲಿ. ಗೂಗಲ್ 2023ರಲ್ಲಿ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಭದ್ರತಾ ತೇಪೆ ಕೊಡುವುದಾಗಿ ಹೇಳಿದವು. ಅವು ದುಬಾರಿ ಫೋನುಗಳು. ಅಗ್ಗದ ಫೋನುಗಳಿಗೆ ತೇಪೆ ಬೇಗ ನಿಲ್ಲುತ್ತದೆ, ಆದರೆ ಅಗ್ಗದ ಫೋನು ಕೊಂಡವರೇ ಅದನ್ನು ಹೆಚ್ಚು ವರ್ಷ ಬಳಸುವವರು, ಆಮೇಲೆ ಅಪ್ಪನಿಗೋ ಅಜ್ಜಿಗೋ ಕೊಡುವವರು. ಯುಪಿಐ ಓಡುವುದು ಆ ಫೋನಿನಲ್ಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್ ಆಂಡ್ರಾಯ್ಡ್ ದೋಷಗಳ ಬಗ್ಗೆ ಆಗಾಗ ಎಚ್ಚರಿಕೆ ಹೊರಡಿಸಿ ‘ಅಪ್‌ಡೇಟ್ ಮಾಡಿಕೊಳ್ಳಿ’ ಎನ್ನುತ್ತದೆ. ಅಪ್‌ಡೇಟೇ ಬರದ ಫೋನಿನವರಿಗೆ ಆ ಸಲಹೆಯಿಂದ ಏನೂ ಉಪಯೋಗವಿಲ್ಲ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ ಕೊನೆಯಿಂದ, ಜಾಲಕ್ಕೆ ಸೇರುವ ಸಾಧನವನ್ನು ಮಾರುವವರು ಕನಿಷ್ಠ ಎಷ್ಟು ಕಾಲ ಭದ್ರತಾ ತೇಪೆ ಕೊಡುತ್ತೇವೆಂದು ಕೊಳ್ಳುವವರಿಗೆ ತಿಳಿಸಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಫೋನಿನ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್‌ಗಳು ಸಿಗುತ್ತಿರಬೇಕೆಂಬ ನಿಯಮ ಜಾರಿಯಲ್ಲಿದೆ. ಆ ಮಾರುಕಟ್ಟೆಗಳಲ್ಲಿ ನಿಯಮ ಪಾಲಿಸಬಲ್ಲ ಕಂಪನಿಗಳಿಗೆ ಇಲ್ಲಿಯೂ ಪಾಲಿಸುವ ಶಕ್ತಿಯಿದೆ. ಔಷಧದ ಪೆಟ್ಟಿಗೆಯ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರಬೇಕೆಂದು ಕಾನೂನು ಮಾಡಿದ ದೇಶಕ್ಕೆ, ಫೋನಿನ ಪೆಟ್ಟಿಗೆಯ ಮೇಲೆ ಭದ್ರತಾ ತೇಪೆ ನಿಲ್ಲುವ ದಿನಾಂಕ ಇರಬೇಕೆಂದು ಹೇಳುವುದು ಕಷ್ಟವಾಗಬಾರದು. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವನ್ನು ಗ್ರಾಹಕ ಸಂಘಟನೆಗಳು ಈ ಒಂದು ವಿಷಯಕ್ಕೆ ಬಿಡದೆ ಒತ್ತಾಯಿಸಬೇಕು.

ಅಲ್ಲಿಯವರೆಗೆ ಓದುಗರು ಮಾಡಬಹುದಾದ್ದು ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ತೇಪೆಯ ದಿನಾಂಕ ಇರುತ್ತದೆ, ಇವತ್ತೇ ನೋಡಿ. ವರ್ಷಕ್ಕಿಂತ ಹಿಂದಿನದಾಗಿದ್ದರೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಮನೆಯ ಹಿರಿಯರಿಗೆ ಫೋಟೊಗಳ ಬಗ್ಗೆ ಹೆದರಿಸುವ ಬದಲು, ಫೋಟೊ ಎಂದು ಬಂದದ್ದು ಏನನ್ನಾದರೂ ‘ಸ್ಥಾಪಿಸಲು’ ಕೇಳಿದರೆ ಅಲ್ಲೇ ನಿಲ್ಲಿಸಬೇಕೆಂದು ಹೇಳಿಕೊಡಿ. ಹಣ ಹೋಯಿತೆಂದರೆ ಗದರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಮುಂದಿನ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು, ಭದ್ರತಾ ತೇಪೆ ಯಾವ ವರ್ಷದವರೆಗೆ ಬರುತ್ತದೆ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ನೋಡಿ. ಅಲ್ಲೂ ಉತ್ತರವಿಲ್ಲದಿದ್ದರೆ ಆ ಫೋನನ್ನು ಕೊಳ್ಳಬೇಡಿ.